ದೊಡ್ಡಕಿವಿಯ ಹತ್ತು ಉತ್ತರಗಳು

ಭಾನುವಾರ ಬೆಳಿಗ್ಗೆ ಅಣ್ಣನ ಮನೆಯ ಹಾಲ್‌ನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ವೈರ್ ಜೋಡಿಸುತ್ತಿದ್ದ ರಿಪೇರಿ ಅಕ್ಕನಿಗೆ ಇದ್ದದ್ದು ಒಂದೇ ಚಿಂತೆ. ಈ ಅಣ್ಣ ಮಹಾರಾಯ ಇವತ್ತಿನ ಪರೀಕ್ಷೆಯಲ್ಲಿ ಫೇಲಾದರೆ ನಾಳೆ ಕೆಲಸ ಬಿಡುತ್ತಾನೆ. ಫೇಲಾಗುವುದಂತೂ ಖಂಡಿತ. ಏಕೆಂದರೆ ಅವನು ತನಗೆ ತಾನೇ ಇಟ್ಟುಕೊಂಡ ಪರೀಕ್ಷೆಯಲ್ಲಿ ಅವಳು ಕಂಡಂತೆ ಇದುವರೆಗೆ ಒಬ್ಬರೂ ಪಾಸಾಗಿರಲಿಲ್ಲ.

ಬೀದಿಯವರು ಅಕ್ಕ ಎಂದು ಕರೆಯುತ್ತಿದ್ದರೇ ಹೊರತು ಈ ಮನೆಯಲ್ಲಿ ಅವಳು ತಂಗಿ. ಬಸ್ ನಿಲ್ದಾಣದ ಹಿಂದೆ ಅವಳ ಅಂಗಡಿ. ರೇಡಿಯೋ, ಆಂಪ್ಲಿಫೈಯರ್, ಸ್ಪೀಕರ್, ಏನು ಕೆಟ್ಟರೂ ಜನ ತಂದು ಅವಳ ಮುಂದಿಟ್ಟು ಕೈಕಟ್ಟಿ ನಿಲ್ಲುತ್ತಿದ್ದರು. ಅವಳಿಗಿಂತ ಆರು ವರ್ಷ ದೊಡ್ಡವನಾದ ಅಣ್ಣ ಮೂವತ್ತು ವರ್ಷದಿಂದ ಒಂದೇ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಮಿಕ್ಸಿಂಗ್ ಮಾಡುವವನು. ಹಾಡುವವರ ದನಿ, ವಾದ್ಯಗಳ ಸದ್ದು, ಯಾವುದು ಎಷ್ಟು ಕೇಳಿಸಬೇಕೋ ಅಷ್ಟು ಹದ ಮಾಡಿ ಕೂಡಿಸುವ ಕೆಲಸ. ಸ್ಟುಡಿಯೋದವರು ಅವನಿಗಿಟ್ಟ ಹೆಸರು ದೊಡ್ಡಕಿವಿ. ಹೊಗಳಿಕೆಗೆ ಇಟ್ಟದ್ದು ನಿಜ, ಆದರೆ ಟೇಪು ಹಿಡಿದು ಅಳೆದರೂ ಹೆಸರು ಸರಿಯಾಗಿಯೇ ಇತ್ತು.

ಮೂರು ವಾರದ ಹಿಂದೆ ಒಬ್ಬ ಗಾಯಕಿ ಅವನು ಮಾಡಿಕೊಟ್ಟ ಮಿಕ್ಸ್ ಕೇಳಿ, "ಸಕಾರ ಬಂದಾಗೆಲ್ಲ ಕಿವಿಗೆ ಚುಚ್ಚುತ್ತೆ ಸರ್" ಎಂದಿದ್ದಳು. ಅವನಿಗೆ ಚುಚ್ಚಿರಲಿಲ್ಲ. ಮತ್ತೆ ಮತ್ತೆ ಹಾಕಿ ಕೇಳಿದರೂ ಚುಚ್ಚಲಿಲ್ಲ. ಯಾರಿಗೂ ಹೇಳದೆ ಆಸ್ಪತ್ರೆಗೆ ಹೋಗಿ ಕಿವಿ ತೋರಿಸಿಕೊಂಡು ಬಂದ. ಅವರು ಕೊಟ್ಟ ಕಾಗದದಲ್ಲಿ ಎರಡೂ ಕಿವಿಯ ಗೆರೆ ಸುಮ್ಮನೆ ನೆಟ್ಟಗೆ ಹೋಗುತ್ತಿದ್ದದ್ದು ಕೊನೆಯಲ್ಲಿ ಜಾರುಬಂಡಿಯ ಹಾಗೆ ಕೆಳಗಿಳಿದಿತ್ತು. ತೀರಾ ಮೇಲಿನ ಸ್ವರಗಳು ಕಿವಿಗೆ ಬೀಳುತ್ತಿಲ್ಲ, ವಯಸ್ಸಾದವರಲ್ಲಿ ಇದೆಲ್ಲ ಮಾಮೂಲು ಎಂದು ಡಾಕ್ಟರು ಬೆನ್ನು ತಟ್ಟಿ ಕಳಿಸಿದ್ದರು. ಮಾಮೂಲು ಎಂಬ ಆ ಮಾತೇ ಅವನನ್ನು ಅರ್ಧ ಕೊಂದಿತ್ತು.

ಹೆಂಡತಿಗೆ ಹೇಳಲಿಲ್ಲ. ತಂಗಿಯ ಅಂಗಡಿಗೆ ಬಂದು, ಸ್ಟೂಲ್ ಎಳೆದುಕೊಂಡು ಕೂತು, ಕಾಗದ ಬಿಚ್ಚಿ ತೋರಿಸಿದ. ಆಮೇಲೆ ತನ್ನ ಘನಂದಾರಿ ಯೋಜನೆ ಹೇಳಿದ.

"ನೋಡು, ನಮ್ಮ ಸ್ಟುಡಿಯೋದ ಕನ್ವರ್ಟರ್ ಇದೆಯಲ್ಲ, ಅದರ ಸದ್ದಿಗೂ ಮಾಮೂಲಿ ಕನ್ವರ್ಟರ್ ಸದ್ದಿಗೂ ಇರೋ ವ್ಯತ್ಯಾಸ ನಾನು ಕಣ್ಣು ಮುಚ್ಚಿ ಹೇಳ್ತಿದ್ದೆ. ಈಗಲೂ ಹೇಳಿದ್ರೆ ನನ್ನ ಕಿವಿ ಇನ್ನೂ ನೆಟ್ಟಗಿದೆ ಅಂತ ಅರ್ಥ. ಇಲ್ಲ ಅಂದ್ರೆ ಸೋಮವಾರ ಸ್ಟುಡಿಯೋ ಬೀಗದ ಕೈ ಯಜಮಾನರ ಮೇಜಿನ ಮೇಲೆ."

ಕಂಪ್ಯೂಟರ್‌ನಲ್ಲಿ ಹಾಡು ಇರುವುದು ಬರೀ ಅಂಕಿಗಳಾಗಿ. ಆ ಅಂಕಿಗಳನ್ನು ಸ್ಪೀಕರ್‌ಗೆ ಅರ್ಥವಾಗುವ ಕರೆಂಟಾಗಿ ಬದಲಿಸುವ ಪೆಟ್ಟಿಗೆಯೇ ಕನ್ವರ್ಟರ್. ಸ್ಟುಡಿಯೋದ್ದು ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರ. ಅಕ್ಕನ ಅಂಗಡಿಯ ಡ್ರಾಯರ್‌ನಲ್ಲಿ ಬಿದ್ದಿರುತ್ತಿದ್ದದ್ದು ಹೆಬ್ಬೆರಳಿನಷ್ಟು. ಅಂಥ ದೊಡ್ಡದನ್ನೂ ಸಣ್ಣದನ್ನೂ ಅವಳು ಎಷ್ಟೋ ಸಲ ಗಿರಾಕಿಗಳ ಮುಂದೆ ನುಡಿಸಿದ್ದಳು. ಹೆಸರು ಕಣ್ಣಿಗೆ ಕಾಣಿಸುತ್ತಿರುವಷ್ಟು ಹೊತ್ತು ಎಲ್ಲರಿಗೂ ಆಕಾಶ ಭೂಮಿಯ ವ್ಯತ್ಯಾಸ ಕೇಳಿಸುತ್ತಿತ್ತು, ಬಟ್ಟೆ ಮುಚ್ಚಿದ ಕೂಡಲೇ ಎಲ್ಲರೂ ಕಕ್ಕಾಬಿಕ್ಕಿ.

"ಅಣ್ಣ, ಅದು ಯಾರಿಗೂ ಕೇಳಿಸಲ್ಲ. ಎಳೇ ಮಗುವಿನ ಕಿವಿಗೂ ಕೇಳಿಸಲ್ಲ. ಅದನ್ನಿಟ್ಟುಕೊಂಡು ನಿನ್ನ ಕಿವಿ ಅಳೀತೀಯಾ?"

"ನಿಮಗೆ ಕೇಳಿಸಲ್ಲ. ನನಗೆ ಕೇಳಿಸುತ್ತೆ."

ಆ ಹಟದ ಮುಂದೆ ಅವಳ ಮಾತು ನಡೆಯಲಿಲ್ಲ. ಹಾಗಾಗಿ ಈಗ ಹಾಲ್‌ನಲ್ಲಿ ಕೂತು, ಕೆಟ್ಟ ಪರೀಕ್ಷೆಯನ್ನಾದರೂ ಚೊಕ್ಕವಾಗಿ ನಡೆಸೋಣ ಎಂದು ತಾನೇ ಮಾಡಿದ ಸ್ವಿಚ್ ಪೆಟ್ಟಿಗೆಗೆ ಎರಡು ಕನ್ವರ್ಟರ್‌ಗಳನ್ನೂ ಸಿಕ್ಕಿಸುತ್ತಿದ್ದಳು. ಪೆಟ್ಟಿಗೆಯ ಮೇಲೆ ಎರಡು ಗುಂಡಿಗಳು, ಒಂದೊಂದು ಕನ್ವರ್ಟರ್‌ನ ಸದ್ದು ಹೆಚ್ಚು ಕಡಿಮೆ ಮಾಡಲು. ಇದೇ ಅತಿ ಮುಖ್ಯವಾದ ಭಾಗ. ಒಂದರ ಸದ್ದು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಹೆಚ್ಚಿದ್ದರೂ ಕೇಳುವವನು ಸದ್ದು ಹೆಚ್ಚಿದೆ ಎನ್ನುವುದಿಲ್ಲ. ಸ್ವರ ತಿಳಿಯಾಗಿದೆ, ಆಳವಿದೆ, ಜೀವವಿದೆ ಎಂದೆಲ್ಲ ಕವಿತೆ ಶುರುಮಾಡುತ್ತಾನೆ. ಅದಕ್ಕೇ ಅವಳು ಒಂದೇ ಸಮ ಕೂಗುವ ಸ್ವರ ಹಾಕಿ, ಮಲ್ಟಿಮೀಟರ್ ಹಚ್ಚಿ, ಎರಡು ಕಡೆಯೂ ಸರಿಯಾಗಿ ಒಂದು ವೋಲ್ಟ್ ಬರುವಂತೆ ಗುಂಡಿ ತಿರುಗಿಸಿದಳು.

ಬೆರಳು ಗುಂಡಿಯ ಮೇಲಿದ್ದಾಗ ಒಂದು ಕಳ್ಳ ಯೋಚನೆ ಬಂತು. ಇದನ್ನು ಇಷ್ಟೇ ಇಷ್ಟು ಆಚೆ ಸರಿಸಿಬಿಟ್ಟರೆ? ಅಣ್ಣ ಪಾಸು. ಯಾರಿಗೂ ಗೊತ್ತಾಗುವುದಿಲ್ಲ. ಕೈ ಸುಟ್ಟವಳ ಹಾಗೆ ಬೆರಳು ಎಳೆದುಕೊಂಡು, ಪೆಟ್ಟಿಗೆಯನ್ನು ಪರದೆಯ ಹಿಂದೆ ಇಟ್ಟು, ಊಟಕ್ಕೆದ್ದಳು.

ಮಧ್ಯಾಹ್ನ ಪಕ್ಕದ ಮನೆಯ ಲೆಕ್ಕದ ಮೇಷ್ಟ್ರು ಬರುವವರಿದ್ದರು. ಹೊರಗಿನವರು ಬರುತ್ತಾರೆಂದರೆ ಅತ್ತಿಗೆಗೆ ಮೈಮೇಲೆ ದೇವರು ಬಂದಂತೆ. ಒರೆಸುವ ಬಟ್ಟೆ ಕೈಗೆ ಸಿಕ್ಕಿತೆಂದರೆ ಕಿಟಕಿ, ಕುರ್ಚಿ, ಫ್ಯಾನಿನ ಸ್ವಿಚ್ಚು ಯಾವುದಕ್ಕೂ ಬಿಡುಗಡೆಯಿಲ್ಲ. ಒಮ್ಮೆ ಸುಮ್ಮನೆ ಕೂತಿದ್ದ ಗಂಡನ ಕನ್ನಡಕವನ್ನು ಮೂಗಿನ ಮೇಲಿದ್ದಂತೆಯೇ ಒರೆಸಿದವಳು. ಅವಳಿಗೆ ಇವತ್ತಿನದು ಅಣ್ಣ ತಂಗಿಯ ಇನ್ನೊಂದು ಹುಚ್ಚಾಟ ಅಷ್ಟೇ. ಬೀಗದ ಕೈಯ ವಿಷಯ ಅವಳಿಗೆ ಗೊತ್ತಿರಲಿಲ್ಲ.

ಮೇಷ್ಟ್ರು ಮೂರು ಗಂಟೆಗೆ ಸರಿಯಾಗಿ, ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು, ಜೇಬಿನಲ್ಲಿ ಒಂದು ನಾಣ್ಯ ಇಟ್ಟುಕೊಂಡು ಬಂದರು. ಕ್ಲಾಸ್ ತೆಗೆದುಕೊಳ್ಳದೆ ನಾಲ್ಕು ವರ್ಷವಾಗಿತ್ತು ಪಾಪ, ಈಗ ಪರೀಕ್ಷೆ ನಡೆಸುವ ಅವಕಾಶ ಸಿಕ್ಕಿ ಮುಖ ಕಳೆಕಳೆಯಾಗಿತ್ತು.

"ನಿಯಮ ಸರಳ," ಎಂದರು. "ನಾನು ಪರದೆ ಹಿಂದೆ ನಾಣ್ಯ ಚಿಮ್ಮಿಸ್ತೀನಿ. ಮೇಲ್ಮುಖ ಬಿದ್ರೆ ಒಂದನೇದು, ಕೆಳಮುಖ ಬಿದ್ರೆ ಎರಡನೇದು. ಚಮಚದಿಂದ ಲೋಟ ಬಡಿದಾಗ ನೀವು ಒಂದೋ ಎರಡೋ ಹೇಳಬೇಕು. ನಾನು ಬಾಯೇ ಬಿಡಲ್ಲ."

"ಯಾವುದು ಒಂದು, ಯಾವುದು ಎರಡು?" ಅಣ್ಣ ಕೇಳಿದ.

"ಅದನ್ನ ಹೇಳಲ್ಲ," ಎಂದಳು ಅಕ್ಕ. "ಅದೂ ನಿನ್ನ ಕಿವಿಗೇ ಬಿಟ್ಟಿದ್ದು." ಎರಡನೆಯದು ಹೆಬ್ಬೆರಳಿನಷ್ಟರದು ಎಂದು ಅವಳೊಬ್ಬಳಿಗೇ ಗೊತ್ತು. ತನ್ನ ಮುಖ ನೋಡಿ ಅಣ್ಣ ಓದಿಬಿಡುತ್ತಾನೆಂದು ಅವನ ಬೆನ್ನ ಹಿಂದೆ ಹಾಳೆ ಪೆನ್ನು ಹಿಡಿದು ಕೂತಳು.

ಹಾಡು ಅಣ್ಣನೇ ಆರಿಸಿದ್ದು. ಅವನು ಕೆಲಸಕ್ಕೆ ಸೇರಿದ ವರ್ಷ ಮಿಕ್ಸ್ ಮಾಡಿದ್ದು, ಒಬ್ಬ ಹೆಂಗಸಿನ ದನಿ ಮತ್ತು ಒಂದು ಕೊಳಲು. ಮೊದಲು ಒಂದನೆಯದು ನುಡಿಯಿತು, ಆಮೇಲೆ ಎರಡನೆಯದು. ಎರಡನೆಯದು ಶುರುವಾದ ಕೂಡಲೇ ಅಣ್ಣನ ಬೆನ್ನು ನೆಟ್ಟಗಾಯಿತು.

"ಇದೇ! ಇದೇ ನಮ್ಮ ದೊಡ್ಡದು! ನೋಡು, ದನಿ ಒಂದು ಹೆಜ್ಜೆ ಹತ್ತಿರ ಬಂತು!"

ಶುರುವಾಯಿತಪ್ಪ ಕವಿತೆ ಎಂದುಕೊಂಡಳು ಅಕ್ಕ. ಅವನು ಹೊಗಳುತ್ತಿದ್ದದ್ದು ಡ್ರಾಯರ್‌ನ ಮೂಲೆಯಲ್ಲಿ ಬಿದ್ದಿದ್ದ ಮಾಲನ್ನು.

ಪರದೆಯ ಹಿಂದೆ ನಾಣ್ಯ ಟಿಣ್ ಎಂದಿತು. ಸ್ವಿಚ್ಚಿನ ಸದ್ದು ಸುಳಿವು ಕೊಡಬಾರದೆಂದು ಮೇಷ್ಟ್ರು ಸುಮ್ಮಸುಮ್ಮನೆ ನಾಲ್ಕಾರು ಸಲ ಟಕಟಕ ಎನ್ನಿಸಿದರು. ಹಾಡು ಬಂತು. ಲೋಟ ಬಡಿಯಿತು.

"ಎರಡು," ಎಂದ ಅಣ್ಣ.

ಮತ್ತೆ ಟಿಣ್, ಟಕಟಕ, ಲೋಟ. "ಎರಡು." ಮತ್ತೆ. "ಒಂದು." ನಾಲ್ಕನೆಯ ಸಲ ಅವನು ಬಹಳ ಹೊತ್ತು ತೆಗೆದುಕೊಂಡ, ಕುತ್ತಿಗೆಯ ಹತ್ತಿರ ಬೆವರು ಹನಿಯಿತು. "ಒಂದು." ಏಳನೆಯದಕ್ಕೆ ಬರುವಷ್ಟರಲ್ಲಿ ಅವನು ಲೋಟಕ್ಕೂ ಕಾಯುತ್ತಿರಲಿಲ್ಲ, ಹಾಡಿನ ಎರಡು ಮಾತು ಮುಗಿಯುವ ಮೊದಲೇ ಉತ್ತರ ಎಸೆಯುತ್ತಿದ್ದ. ಅತ್ತಿಗೆ ಒರೆಸುವುದನ್ನು ಬಿಟ್ಟು ಬಾಗಿಲಿಗೆ ಒರಗಿ ನಿಂತಳು. ಅಕ್ಕ ಹತ್ತನೆಯ ಉತ್ತರ ಬರೆದುಕೊಂಡು ಪೆನ್ನು ಮುಚ್ಚಿದಳು.

ಮೇಷ್ಟ್ರು ಪರದೆ ಸರಿಸಿ ತಮ್ಮ ಹಾಳೆ ಹಿಡಿದು ಹೊರಗೆ ಬಂದರು. ಇಬ್ಬರೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟರು. ಮೇಷ್ಟ್ರ ಕೆಂಪು ಪೆನ್ನು ಒಂದೊಂದೇ ಸಾಲಿನ ಮುಂದೆ ಗುರುತು ಹಾಕುತ್ತ ಇಳಿಯಿತು. ಒಂದು ಸರಿ. ಎರಡು ಸರಿ. ಐದು ಸರಿ. ಏಳಕ್ಕೆ ಮೇಷ್ಟ್ರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಎಂಟು. ಒಂಬತ್ತು.

"ಹತ್ತಕ್ಕೆ ಹತ್ತು!" ಮೇಷ್ಟ್ರು ಕೂಗಿದ್ದು ಅವರ ಮನೆಗೂ ಕೇಳಿಸಿರಬೇಕು. "ಸುಮ್ಮನೆ ಊಹೆ ಮಾಡಿ ಇಷ್ಟು ತೆಗೀಬೇಕಾದ್ರೆ ಸಾವಿರದ ಇಪ್ಪತ್ನಾಲ್ಕರಲ್ಲಿ ಒಂದೇ ಒಂದು ಸಲ ಸಾಧ್ಯ! ನನ್ನ ಸರ್ವೀಸಿನಲ್ಲೇ ಇಂಥ ರಿಸಲ್ಟ್ ನೋಡಿಲ್ಲ!"

ಅಣ್ಣ ಕುರ್ಚಿಯಿಂದ ಜಿಗಿದ. ತಂಗಿಯ ಎರಡೂ ಕೈ ಹಿಡಿದು ಗಿರಗಿರ ತಿರುಗಿಸಿದ. ಮೂರು ವಾರದಿಂದ ಸುಣ್ಣ ಬಳಿದಂತಿದ್ದ ಅವನ ಮುಖಕ್ಕೆ ರಕ್ತ ಬಂದಿತ್ತು. ಅಕ್ಕನಿಗೂ ಕಣ್ಣು ತುಂಬಿತು. ತಾನು ಇಷ್ಟು ವರ್ಷ ಗಿರಾಕಿಗಳ ಮುಂದೆ ಹೇಳಿದ್ದೆಲ್ಲ ಸುಳ್ಳಾದರೂ ಆಗಲಿ, ಅಣ್ಣ ಗೆದ್ದನಲ್ಲ!

"ನಮ್ಮ ದೊಡ್ಡದು ಎಲ್ಲಿ, ಮುತ್ತು ಕೊಡ್ತೀನಿ!" ಎನ್ನುತ್ತ ಅವನು ಪರದೆಯ ಹಿಂದೆ ನುಗ್ಗಿದ. ಎರಡನೆಯ ಗುಂಡಿಯ ವೈರ್ ಹಿಡಿದುಕೊಂಡು ಹೋದರೆ ಅದರ ತುದಿಗೆ ಸಿಕ್ಕಿದ್ದು ಹೆಬ್ಬೆರಳಿನಷ್ಟರ ಕನ್ವರ್ಟರ್. ಒಂದು ಕ್ಷಣ ಪೆಚ್ಚಾದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಇರಲಿ ಬಿಡು! ಈ ಪುಟಾಣಿಯೇ ಚೆನ್ನಾಗಿದೆ ಅಂತ ಆಯ್ತು. ಗುರುತು ಹಿಡಿದೆನೋ ಇಲ್ವೋ?"

"ಹಿಡಿದ್ರಿ, ಹಿಡಿದ್ರಿ!" ಎಂದರು ಮೇಷ್ಟ್ರು. ಕಾಫಿ ಆಗಬೇಕೆಂದು ಎಲ್ಲರೂ ಗದ್ದಲ ಮಾಡುತ್ತ ಅಡುಗೆಮನೆಗೆ ನಡೆದರು.

ಅಕ್ಕ ಮಾತ್ರ ಪರದೆಯ ಹತ್ತಿರವೇ ನಿಂತಳು. ಅವಳ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು. ವ್ಯತ್ಯಾಸ ಕೇಳಿಸಿತು, ಸರಿ. ಆದರೆ ಹತ್ತಿರ ಬಂತು ಎಂದ ದನಿ ಸಣ್ಣದರದು ಯಾಕಾಯಿತು? ಬಗ್ಗಿ ಸ್ವರ ಹಾಕಿ ಮಲ್ಟಿಮೀಟರ್ ಹಚ್ಚಿದಳು. ಒಂದನೆಯದು ಒಂದು ವೋಲ್ಟ್. ಎರಡನೆಯದು ಒಂದು ಪಾಯಿಂಟ್ ಸೊನ್ನೆ ಆರು.

ಬೆಳಿಗ್ಗೆ ಎರಡೂ ಸಮ ಇದ್ದವು. ಅವಳೇ ನೋಡಿದ್ದಳು. ಪೆಟ್ಟಿಗೆಯ ಮೇಲ್ಭಾಗ ಈಗ ಕನ್ನಡಿಯಂತೆ ಹೊಳೆಯುತ್ತಿತ್ತು, ಬೆಳಿಗ್ಗೆ ಅದರ ಮೇಲೆ ಅಂಗಡಿಯ ಧೂಳಿತ್ತು. ಅವಳು ಹಣೆ ಚಚ್ಚಿಕೊಂಡಳು. ಗುಂಡಿಗಳಿಗೆ ಟೇಪು ಅಂಟಿಸಿ ಬಿಗಿ ಮಾಡದೆ ಊಟಕ್ಕೆದ್ದದ್ದು ತನ್ನದೇ ತಪ್ಪು. ಅತ್ತಿಗೆ ಇರುವ ಮನೆಯಲ್ಲಿ ಹಾಗೆ ಬಿಡಬಾರದಿತ್ತು.

ಅಡುಗೆಮನೆಯಿಂದ ಅಣ್ಣನ ನಗು ಕೇಳಿಸುತ್ತಿತ್ತು. ಗುಂಡಿಯನ್ನು ತಿರುಗಿಸಿ ಮೊದಲಿನಂತೆ ಮಾಡಿಬಿಟ್ಟರೆ ಮುಗಿಯಿತು. ನಾಳೆ ಅವನು ಬೀಗದ ಕೈ ಜೇಬಿನಲ್ಲಿಟ್ಟುಕೊಂಡೇ ಕೆಲಸಕ್ಕೆ ಹೋಗುತ್ತಾನೆ. ಆದರೆ ತನ್ನ ಕಿವಿಗೆ ಏನೂ ಆಗಿಲ್ಲವೆಂದು ನಂಬಿಕೊಂಡು ಹೋಗುತ್ತಾನೆ. ಇನ್ನೊಬ್ಬ ಗಾಯಕಿ ಬಂದು ಚುಚ್ಚುತ್ತದೆ ಎನ್ನುತ್ತಾಳೆ, ಇವನು ಅವಳ ಮೇಲೇ ರೇಗುತ್ತಾನೆ. ರಿಪೇರಿಯಾಗದ ಮಾಲನ್ನು ಆಗಿದೆ ಎಂದು ಹೇಳಿ ಅವಳು ಯಾರಿಗೂ ವಾಪಸ್ ಕೊಟ್ಟವಳಲ್ಲ. ಸ್ವಂತ ಅಣ್ಣನಿಗೆ ಹೇಗೆ ಕೊಟ್ಟಾಳು?

"ಅಣ್ಣ, ಬಾ ಇಲ್ಲಿ," ಎಂದಳು. ದನಿ ಹೇಗೆ ಬಂತೋ, ಮೂವರೂ ಲೋಟ ಹಿಡಿದುಕೊಂಡೇ ಬಂದರು. ಮೀಟರ್ ತೋರಿಸಿ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಅತ್ತಿಗೆ ಕೈಯಲ್ಲಿದ್ದ ಬಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. "ಧೂಳಿತ್ತು ಕಣೇ," ಎಂದಳು ಸಣ್ಣಗೆ. "ಚೂರೇ ಚೂರು ಒರೆಸಿದ್ದು."

ಅಣ್ಣ ಕುರ್ಚಿಗೆ ಹೋಗಿ ಕೂತು, "ಸಮ ಮಾಡು. ಮತ್ತೆ ಹಾಕಿ ಮೇಷ್ಟ್ರೇ," ಎಂದ.

ಈ ಸಲ ಅಕ್ಕ ಗುಂಡಿಗಳಿಗೆ ಟೇಪು ಬಿಗಿದಳು. ಟಿಣ್, ಟಕಟಕ, ಲೋಟ. ಮೊದಲ ಉತ್ತರಕ್ಕೇ ಅವನು ಎರಡು ನಿಮಿಷ ತೆಗೆದುಕೊಂಡ. ಆಮೇಲಿನವು ಒಂದಕ್ಕಿಂತ ಒಂದು ನಿಧಾನವಾದವು. ಮೇಷ್ಟ್ರ ಕೆಂಪು ಪೆನ್ನು ಈ ಸಲ ಸದ್ದಿಲ್ಲದೆ ಇಳಿಯಿತು. ಹತ್ತಕ್ಕೆ ನಾಲ್ಕು.

ಅವನು ಜೇಬಿಗೆ ಕೈಹಾಕಿ ಸ್ಟುಡಿಯೋದ ಬೀಗದ ಕೈ ತೆಗೆದು ಟೀಪಾಯಿಯ ಮೇಲೆ ಇಟ್ಟ. "ಯಾಕ್ರೀ ಅದು?" ಎಂದಳು ಅತ್ತಿಗೆ. ಅವನು ಆಸ್ಪತ್ರೆ, ಕಾಗದ, ಸೋಮವಾರ ಎಲ್ಲ ಹೇಳಿದ. ಅತ್ತಿಗೆ ಅಲ್ಲೇ ಕುಸಿದು ಕೂತಳು.

"ಮೂರು ವಾರ ಒಬ್ಬರೇ ಹೊತ್ಕೊಂಡು ಓಡಾಡಿದ್ರಾ?" ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. "ನಾನೇನು ಈ ಮನೆ ಗೋಡೆನಾ?"

ಮೇಷ್ಟ್ರು ಅಷ್ಟು ಹೊತ್ತೂ ಮೊದಲ ಹಾಳೆಯನ್ನು ಕೆಳಗಿಡಲಾರದೆ ತಿರುವಿ ತಿರುವಿ ನೋಡುತ್ತಿದ್ದರು.

"ಒಂದು ಅನುಮಾನ," ಎಂದರು ಕೊನೆಗೆ. "ಈ ಹತ್ತಕ್ಕೆ ಹತ್ತು ಇದೆಯಲ್ಲ, ಇದೇನೂ ಸುಳ್ಳಲ್ವಲ್ಲ? ಉತ್ತರ ಎಲ್ಲಾ ಸರಿ. ಪ್ರಶ್ನೆ ಯಾವುದು ಅಂತ ತಿಳ್ಕೊಂಡಿದ್ದು ತಪ್ಪು, ಅಷ್ಟೇ. ಆ ಸೊನ್ನೆ ಆರು ಅಂದ್ರೆ ಎಷ್ಟು ತಾಯಿ?"

"ಅರ್ಧ ಡೆಸಿಬಲ್," ಎಂದಳು ಅಕ್ಕ, ಸದ್ದಿನ ಅಳತೆಗೆ ಲೆಕ್ಕ ಹಾಕಿ. ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. "ಅರ್ಧ... ಅಣ್ಣ, ಬರೀ ಅರ್ಧ ಡೆಸಿಬಲ್!"

ಅಣ್ಣ ತಲೆಯೆತ್ತಿದ.

"ಮೇಷ್ಟ್ರೇ, ಕೂತ್ಕೊಳ್ಳಿ ಕುರ್ಚಿ ಮೇಲೆ," ಎಂದು ಅಕ್ಕ ಅವರ ತೋಳು ಹಿಡಿದು ಕೂರಿಸಿದಳು. ಟೇಪು ಕಿತ್ತು, ಗುಂಡಿಯನ್ನು ಅತ್ತಿಗೆ ಒರೆಸಿಟ್ಟ ಜಾಗಕ್ಕೇ ತಂದು, ಮೀಟರ್ ನೋಡಿ ನಿಲ್ಲಿಸಿದಳು. ಈ ಸಲ ನಾಣ್ಯ ಅವಳ ಕೈಯಲ್ಲಿ. ಮೇಷ್ಟ್ರು ಕಣ್ಣು ಗಟ್ಟಿಯಾಗಿ ಮುಚ್ಚಿ, ಬಾಯಿ ತೆರೆದು ಕೇಳಿದರು. ಹತ್ತಕ್ಕೆ ಐದು. ಅತ್ತಿಗೆ ಮೂಗು ಒರೆಸಿಕೊಳ್ಳುತ್ತ ಕೂತಳು. ಆರು. ಅಕ್ಕ ತಾನೇ ಕೂತು, ಮೇಷ್ಟ್ರಿಂದ ನಾಣ್ಯ ಚಿಮ್ಮಿಸಿದಳು. ಹಗಲಿರುಳು ಸ್ಪೀಕರ್‌ಗಳ ಜೊತೆಯೇ ಬದುಕುವವಳಿಗೆ ಸಿಕ್ಕಿದ್ದು ಏಳು, ಅದರಲ್ಲೂ ಮೂರು ಊಹೆ.

"ಈಗ ನೀನು," ಎಂದಳು. "ಕಾಲು ಡೆಸಿಬಲ್ ಇಡ್ತೀನಿ. ಅರ್ಧದ ಅರ್ಧ. ನಾನಂತೂ ಅದಕ್ಕೆ ತಲೆಯೇ ಕೊಡಲ್ಲ."

ಅಣ್ಣ ಕಣ್ಣು ಮುಚ್ಚಿದ. ಈ ಸಲ ಅವನ ಬೆನ್ನು ಬಿಗಿಯಲಿಲ್ಲ. ಬಲಗೈ ತೊಡೆಯ ಮೇಲೆ ತಾನಾಗಿಯೇ ಚಾಚಿಕೊಂಡಿತು, ಮಿಕ್ಸರ್‌ನ ಸದ್ದು ಏರಿಸಿ ಇಳಿಸುವ ಫೇಡರ್ ಮೇಲೆ ಇಟ್ಟಂತೆ ನಡುಬೆರಳು ಸ್ವಲ್ಪ ಮುಂದೆ. ಲೋಟ ಬಡಿಯುವ ಮೊದಲೇ ಆ ಬೆರಳು ಕೂದಲಷ್ಟು ಮೇಲೆ ಜರುಗುತ್ತಿತ್ತು, ಇಲ್ಲವೇ ಕೆಳಗೆ. ಅಕ್ಕ ಅವನ ಬಾಯಿಂದ ಬರುವ ಉತ್ತರಕ್ಕೂ ಕಾಯದೆ ಬೆರಳು ನೋಡಿಕೊಂಡೇ ಬರೆಯತೊಡಗಿದಳು. ಪೆನ್ನಿನ ಸದ್ದೂ ಅವನಿಗೆ ಕೇಳಿಸೀತೆಂದು ಮೆಲ್ಲಗೆ ಗೀಚಿದಳು.

ಕೆಂಪು ಪೆನ್ನು ಇಳಿಯಿತು. ಒಂದು, ಎರಡು, ಮೂರು ಸರಿ. ನಾಲ್ಕು ತಪ್ಪು. ಅತ್ತಿಗೆ "ಅಯ್ಯೋ" ಎಂದಳು. ಐದು ಸರಿ. ಆರು, ಏಳು, ಎಂಟು. ಒಂಬತ್ತಕ್ಕೆ ಮೇಷ್ಟ್ರು ಎದ್ದೇ ನಿಂತರು.

"ಹತ್ತಕ್ಕೆ ಒಂಬತ್ತು!"

ಮನೆಯಲ್ಲಿ ಎದ್ದ ಕೂಗಿಗೆ ಬೀದಿಯಲ್ಲಿ ಹೋಗುತ್ತಿದ್ದವರು ಯಾರೋ ನಿಂತು ಕಿಟಕಿಯತ್ತ ನೋಡಿದರು. ಅಕ್ಕ ಅಣ್ಣನ ಎರಡೂ ಕಿವಿ ಹಿಡಿದು ಜಗ್ಗಿದಳು. "ಅಯ್ಯೋ ಪೆದ್ದೇ, ಮೂವತ್ತು ವರ್ಷದಿಂದ ನೀನು ಮಾಡ್ತಿರೋ ಕೆಲಸ ಯಾವುದು? ಕನ್ವರ್ಟರ್ ಯಾವುದು ಅಂತ ಹೇಳೋದಾ?"

"ಅಲ್ಲ," ಎಂದ ಅಣ್ಣ. "ಯಾರನ್ನ ಎಷ್ಟು ಹತ್ತಿರ ತರಬೇಕು ಅನ್ನೋದು. ದನಿ ಒಂದು ಹೆಜ್ಜೆ ಹತ್ತಿರ ಬಂತು ಅಂದೆನಲ್ಲ ನಾನು. ನಿಜವಾಗ್ಲೂ ಬಂದಿತ್ತಲ್ಲೇ!"

"ಬಂದಿತ್ತು ಕಣೋ. ಅತ್ತಿಗೆ ತಂದಿದ್ರು."

ಆಗ ಎಲ್ಲರಿಗೂ ನಗು ಬಂತು. ನಗು ತಡೆದುಕೊಂಡು ಅತ್ತಿಗೆ ಸೊಂಟಕ್ಕೆ ಕೈಯಿಟ್ಟಳು. "ಕಾಲು ಡೆಸಿಬಲ್ ಕೇಳಿಸುತ್ತಂತೆ! ನಾನು ಅಡುಗೆಮನೆಯಿಂದ ಕೂಗಿದ್ದು ಮಾತ್ರ ಇಪ್ಪತ್ತೈದು ವರ್ಷದಿಂದ ಒಂದು ಸಲವೂ ಕೇಳಿಸಿಲ್ಲ!"

ಅಣ್ಣ ಕಣ್ಣೊರೆಸಿಕೊಂಡು ಆಸ್ಪತ್ರೆಯ ಕಾಗದವನ್ನು ಜೇಬಿನಿಂದ ತೆಗೆದು ಎಲ್ಲರೆದುರು ಬಿಡಿಸಿದ. ಜಾರುಬಂಡಿಯ ಗೆರೆ ಇದ್ದಲ್ಲೇ ಇತ್ತು. "ಇದೂ ನಿಜ," ಎಂದ. "ಸಕಾರ ಚುಚ್ಚುತ್ತೋ ಇಲ್ವೋ ನನಗಿನ್ನು ಗೊತ್ತಾಗಲ್ಲ. ನಾಳೆ ಯಜಮಾನರಿಗೆ ಇದನ್ನ ತೋರಿಸಿ ಹೇಳ್ತೀನಿ, ಮೇಲಿನ ಸ್ವರ ನೋಡಕ್ಕೆ ಪಕ್ಕದ ರೂಮಿನಲ್ಲಿ ಮಿಕ್ಸ್ ಮಾಡೋರನ್ನ ಕರೀತೀನಿ ಅಂತ. ಫೇಡರ್ ಮಾತ್ರ ನನ್ನ ಕೈಯಲ್ಲೇ ಇರಲಿ ಅಂತ ಕೇಳ್ತೀನಿ."

"ನಾನು ಈ ಹಾಳೆಗೆ ಸಹಿ ಹಾಕಿ ಕೊಡ್ತೀನಿ," ಎಂದರು ಮೇಷ್ಟ್ರು, ಆಗಲೇ ಪೆನ್ನಿನ ಮುಚ್ಚಳ ತೆಗೆದು.

ಬೀಗದ ಕೈ ಇನ್ನೂ ಟೀಪಾಯಿಯ ಮೇಲೆಯೇ ಇತ್ತು. ಅಣ್ಣ ಅದರ ಕಡೆ ನೋಡಿದ, ತೆಗೆದುಕೊಳ್ಳಲು ಏಕೋ ನಾಚಿಕೆಯಾದಂತೆ ಕೂತ. ಅತ್ತಿಗೆ ಮುಂದೆ ಬಂದು ಅದನ್ನೆತ್ತಿ, ಬಟ್ಟೆಯಿಂದ ಹಿಂದೆ ಮುಂದೆ ಚೆನ್ನಾಗಿ ಒರೆಸಿ, ಗಂಡನ ಷರಟಿನ ಜೇಬಿಗೆ ಹಾಕಿದಳು.